ಎಂ.ಪಿ.ಎ. ಸಂಗೀತದ ಆಡಿಷನ್‌ಗೆ ತಯಾರಾಗುವುದು ಹೇಗೆ?

ಬಿ.ಪಿ.ಎ. (ಪ್ರದರ್ಶಕ ಕಲೆಗಳ ಪದವಿ) ಮುಗಿಸಿದವರು, ವಿದ್ವತ್ ಪರೀಕ್ಷೆ ಪಾಸಾದವರು, ಬಿ.ಎ.ಯಲ್ಲಿ ಸಂಗೀತ ಓದಿದವರು ಎಂ.ಪಿ.ಎ. ಅನ್ನುವ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕುವಾಗ ಮೊದಲು ಕೇಳುವುದು ಒಂದೇ ಪ್ರಶ್ನೆ: "ಯಾವ ಕೃತಿ ಹಾಡಲಿ?"

ಕೃತಿ ಮುಖ್ಯ, ಇಲ್ಲ ಅನ್ನುವುದಿಲ್ಲ. ಆದರೆ ನಿಮ್ಮ ಕೃತಿಯನ್ನು ಪೂರ್ತಿ ಕೇಳುವಷ್ಟು ಹೊತ್ತು ಆ ಕೊಠಡಿಯಲ್ಲಿ ಯಾರಿಗೂ ಇರುವುದಿಲ್ಲ. ಹೊರಗೆ ಸಾಲಾಗಿ ಅಭ್ಯರ್ಥಿಗಳು ಕೂತಿರುತ್ತಾರೆ. ನೀವು ಪಲ್ಲವಿ ಹಾಡಿ ಅನುಪಲ್ಲವಿಗೆ ಬರುವಷ್ಟರಲ್ಲಿ "ಸಾಕಮ್ಮ, ಇದೇ ರಾಗದಲ್ಲಿ ಸ್ವಲ್ಪ ಆಲಾಪನೆ ಮಾಡು" ಅನ್ನುತ್ತಾರೆ. ಆಲಾಪನೆ ಪಂಚಮ ದಾಟುವ ಮೊದಲೇ "ಸರಿ, ಚರಣ ಎತ್ಕೋ, ನೆರವಲ್ ನೋಡೋಣ" ಅನ್ನುತ್ತಾರೆ. ನೆರವಲ್ ಅಂದರೆ ಸಾಹಿತ್ಯದ ಒಂದು ಸಾಲನ್ನು ತಾಳದೊಳಗೇ ಬೇರೆ ಬೇರೆ ಥರ ಬೆಳೆಸಿ ಹಾಡುವುದು. ನಿಲ್ಲಿಸಿದ ಕಡೆ ನಿಂತು, ಕೇಳಿದ ಕಡೆಯಿಂದ ಎತ್ತಿಕೊಳ್ಳುವುದು ಬರುತ್ತದಾ ಅಂತ ನೋಡುವ ಪರೀಕ್ಷೆ ಇದು. ಹಾಗಾಗಿ ಕಛೇರಿಗೆ ಮಾಡಿಕೊಳ್ಳುವ ತಯಾರಿ ಇಲ್ಲಿ ಸಾಲುವುದಿಲ್ಲ. ತುಂಬಾ ಚೆನ್ನಾಗಿ ಹಾಡುವ ಮಕ್ಕಳೂ ಮೊದಲ ಅಡ್ಡಪ್ರಶ್ನೆಗೇ ತಬ್ಬಿಬ್ಬಾಗುವುದನ್ನು ನೋಡಿ ಸಂಕಟಪಟ್ಟಿದ್ದೇನೆ. ಇದು ಅಭ್ಯಾಸ ಮಾಡಿದರೆ ಖಂಡಿತ ಬರುವ ವಿದ್ಯೆ. ಆರು ತಿಂಗಳು ಕೈಯಲ್ಲಿದ್ದರೆ ಒಳ್ಳೆಯದು. ಮೂರೇ ತಿಂಗಳಿದ್ದರೂ ಮಾಡಬಹುದು.

ಇಲ್ಲಿ ಬರೆದಿರುವುದು ಬಹುಪಾಲು ಕರ್ನಾಟಕ ಸಂಗೀತದ ಗಾಯನಕ್ಕೆ ಸಂಬಂಧಿಸಿದ್ದು. ವೀಣೆ, ಪಿಟೀಲು, ಕೊಳಲಿನವರಿಗೂ ಹೆಚ್ಚಿನದು ಅನ್ವಯಿಸುತ್ತದೆ.

ಮೊದಲು ನೋಟಿಫಿಕೇಷನ್ ಓದಿ

ಎಲ್ಲಿಗೆ ಅರ್ಜಿ ಹಾಕುತ್ತೀರಿ ಅನ್ನುವುದರ ಮೇಲೆ ತಯಾರಿ ಬದಲಾಗುತ್ತದೆ. ಮೈಸೂರಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ. ಮೈಸೂರು ವಿಶ್ವವಿದ್ಯಾಲಯದ ಲಲಿತಕಲೆಗಳ ಕಾಲೇಜಿದೆ. ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶಕ ಕಲೆಗಳ ವಿಭಾಗವಿದೆ. ಹಿಂದೂಸ್ತಾನಿಯವರ ಕಣ್ಣು ಸಹಜವಾಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮೇಲಿರುತ್ತದೆ. ಹೊರರಾಜ್ಯಕ್ಕೆ ಹೋಗಲು ತಯಾರಿದ್ದರೆ ಮದ್ರಾಸ್ ವಿಶ್ವವಿದ್ಯಾಲಯದ ಭಾರತೀಯ ಸಂಗೀತ ವಿಭಾಗ, ದೆಹಲಿ ವಿಶ್ವವಿದ್ಯಾಲಯದ ಸಂಗೀತ ಮತ್ತು ಲಲಿತಕಲೆಗಳ ವಿಭಾಗ, ಬನಾರಸ್ ಹಿಂದೂ ವಿಶ್ವವಿದ್ಯಾಲಯ ಇವೆ. ದೆಹಲಿಯಲ್ಲಿ ಕರ್ನಾಟಕ ಸಂಗೀತಕ್ಕೇ ಬೇರೆ ಎಂ.ಎ. ಇದೆ ಅನ್ನುವುದು ನಮ್ಮ ಕಡೆಯ ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತೇ ಇರುವುದಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶಕ್ಕೆ 2022ರಿಂದ ಸಿಯುಇಟಿ ಪಿಜಿ ಎಂಬ ಪರೀಕ್ಷೆ ಬಂದಿದೆ. ಹಾಗಾಗಿ ಬನಾರಸ್ಸಿನಂಥ ಕಡೆಗೆ ಹೋಗುವವರು ಹಾಡುವುದರ ಜೊತೆಗೆ ಕಂಪ್ಯೂಟರ್ ಮುಂದೆ ಕೂತು ಬಹು ಆಯ್ಕೆಯ ಪ್ರಶ್ನೆಗಳಿಗೂ ತಯಾರಾಗಬೇಕು.

ನೋಟಿಫಿಕೇಷನ್ನಿನಲ್ಲಿ ಮೂರು ವಿಷಯ ಹುಡುಕಿ. ಒಂದು, ಅರ್ಹತೆ. ಕೆಲವು ಕಡೆ ಸಂಗೀತದ್ದೇ ಪದವಿ ಬೇಕು. ಕೆಲವು ಕಡೆ ಯಾವುದೇ ಪದವಿಯ ಜೊತೆ ಸೀನಿಯರ್ ಅಥವಾ ವಿದ್ವತ್ ಪ್ರಮಾಣಪತ್ರ ಇದ್ದರೆ ನಡೆಯುತ್ತದೆ. ಇಂಜಿನಿಯರಿಂಗ್ ಅಥವಾ ಬಿ.ಕಾಂ. ಮುಗಿಸಿ ಸಂಗೀತಕ್ಕೆ ಬರುವವರಿಗೆ ಈ ಒಂದು ಸಾಲೇ ದಾರಿ ತೆರೆಯುವುದು. ಎರಡು, ಲಿಖಿತ ಪರೀಕ್ಷೆ ಇದೆಯಾ, ಪ್ರಾಯೋಗಿಕ ಮಾತ್ರವಾ, ಎರಡಕ್ಕೂ ಅಂಕ ಹೇಗೆ ಹಂಚಿದ್ದಾರೆ. ಮೂರು, ಪ್ರಾಯೋಗಿಕ ಪರೀಕ್ಷೆಗೆ ರಾಗಗಳ ಪಟ್ಟಿ ಕೊಟ್ಟಿದ್ದಾರಾ. ಕೊಡದಿದ್ದರೆ ಅದೇ ವಿಶ್ವವಿದ್ಯಾಲಯದ ಬಿ.ಪಿ.ಎ. ಕೊನೆಯ ವರ್ಷದ ಪಠ್ಯಕ್ರಮ ತೆಗೆದು ನೋಡಿ. ಪರೀಕ್ಷಕರ ಮನಸ್ಸಿನಲ್ಲಿರುವ ಅಳತೆಗೋಲು ಹೆಚ್ಚೂಕಡಿಮೆ ಅದೇ.

ಜಾತಿ, ಆದಾಯ ಪ್ರಮಾಣಪತ್ರ ಬೇಕಾದವರು ನಾಡಕಚೇರಿಗೆ ಈಗಲೇ ಅರ್ಜಿ ಹಾಕಿ. ಬೇರೆ ವಿಶ್ವವಿದ್ಯಾಲಯದಿಂದ ಬರುವವರಿಗೆ ಮೈಗ್ರೇಷನ್ ಸರ್ಟಿಫಿಕೇಟ್ ಕೇಳುತ್ತಾರೆ. ಕೊನೆಯ ವಾರದಲ್ಲಿ ಕಾಗದಪತ್ರಕ್ಕಾಗಿ ಓಡಾಡಿದರೆ ಗಂಟಲೂ ಕೆಡುತ್ತದೆ, ಮನಸ್ಸೂ ಕೆಡುತ್ತದೆ.

ಪಟ್ಟಿ ಚಿಕ್ಕದಿರಲಿ

ಮೂವತ್ತು ರಾಗ ಅರೆಬರೆ ಗೊತ್ತಿರುವವರಿಗಿಂತ ಆರು ರಾಗವನ್ನು ಎಲ್ಲ ಕಡೆಯಿಂದ ಬಲ್ಲವರು ಈ ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತಾರೆ. ನನ್ನ ಸಲಹೆ ಇಷ್ಟು. ದೊಡ್ಡ ಮೇಳರಾಗಗಳಲ್ಲಿ (ಏಳೂ ಸ್ವರವಿರುವ ಮೂಲ ರಾಗಗಳು) ಎರಡು ಆರಿಸಿ: ತೋಡಿ, ಕಲ್ಯಾಣಿ, ಶಂಕರಾಭರಣ, ಖರಹರಪ್ರಿಯದಲ್ಲಿ ನಿಮ್ಮ ಕಂಠಕ್ಕೆ ಒಗ್ಗಿದ್ದು. ಭಾಷಾಂಗ ರಾಗಗಳಲ್ಲಿ (ತನ್ನ ಮೇಳದಲ್ಲಿಲ್ಲದ ಸ್ವರವೂ ಬರುವ ರಾಗಗಳು) ಎರಡು: ಭೈರವಿ ಮತ್ತು ಕಾಂಭೋಜಿ ಇದ್ದರೆ ತುಂಬಾ ಒಳ್ಳೆಯದು. ಉಳಿದ ಎರಡು ನಿಮಗೆ ನಿಜವಾಗಿ ಇಷ್ಟವಾದ ರಕ್ತಿರಾಗಗಳಾಗಲಿ. ಸಹಾನ, ಬೇಗಡೆ, ಆನಂದಭೈರವಿ, ಯಾವುದಾದರೂ ಸರಿ.

ಪ್ರತಿ ರಾಗಕ್ಕೂ ಒಂದು ಕೃತಿ. ಅದರಲ್ಲಿ ನೆರವಲ್‌ಗೆ ಯಾವ ಸಾಲು ಅಂತ ಮೊದಲೇ ಗುರುತು ಮಾಡಿಕೊಳ್ಳಿ. ತಾಳಗಳು ಬೇರೆ ಬೇರೆ ಇರಲಿ. ಆರೂ ಆದಿತಾಳವಾದರೆ "ಮಿಶ್ರಛಾಪುವಿನಲ್ಲಿ ಏನಾದರೂ ಇದೆಯಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ.

ಇದರ ಜೊತೆ ಒಂದು ದೇವರನಾಮ, ಮೈಸೂರು ವಾಗ್ಗೇಯಕಾರರ ಒಂದು ಕೃತಿ ಸಿದ್ಧವಿರಲಿ. ಮೈಸೂರು ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು, ಜಯಚಾಮರಾಜ ಒಡೆಯರು ಇದ್ದ ನೆಲದಲ್ಲೇ ಪರೀಕ್ಷೆ ಬರೆಯುತ್ತಿದ್ದೀರಿ, ಅಲ್ವಾ? ಮುತ್ತಯ್ಯ ಭಾಗವತರು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದಾಗ ಚಾಮುಂಡೇಶ್ವರಿಯ ಮೇಲೆ 108 ಕೃತಿಗಳನ್ನು ಕನ್ನಡದಲ್ಲಿ ರಚಿಸಿದರು. ಇಷ್ಟು ದೊಡ್ಡ ಭಂಡಾರ ನಮ್ಮದೇ ಭಾಷೆಯಲ್ಲಿದ್ದೂ ಅದರಲ್ಲಿ ಒಂದೂ ಪಾಠವಾಗದೆ ಎಂ.ಪಿ.ಎ.ಗೆ ಬರುವ ಮಕ್ಕಳಿದ್ದಾರೆ. ಇದು ನನಗೆ ಬೇಸರದ ಸಂಗತಿ.

ತೆಲುಗು, ಸಂಸ್ಕೃತ ಸಾಹಿತ್ಯದ ಅರ್ಥ ಪದಪದವಾಗಿ ಗೊತ್ತಿರಲಿ. ಎಲ್ಲಿ ಪದ ಒಡೆಯಬೇಕು, ಎಲ್ಲಿ ಒಡೆಯಬಾರದು ಅನ್ನುವುದು ಅರ್ಥ ಗೊತ್ತಿದ್ದವರಿಗೆ ಮಾತ್ರ ತಿಳಿಯುತ್ತದೆ. ನೆರವಲ್ ಮಾಡುವಾಗ ಇದು ಎದ್ದು ಕಾಣುತ್ತದೆ.

ವರ್ಣ

ಆಡಿಷನ್ ಎಷ್ಟೋ ಸಲ ವರ್ಣದಿಂದಲೇ ಶುರುವಾಗುತ್ತದೆ. ನಿಮ್ಮ ಕಾಲಪ್ರಮಾಣ, ಶ್ರುತಿ, ಗಮಕ ಮೂರೂ ಒಂದೇ ನಿಮಿಷದಲ್ಲಿ ಬಯಲಾಗುವುದು ವರ್ಣದಲ್ಲೇ. ಆದಿತಾಳದ ಒಂದು ವರ್ಣ, ಅಟತಾಳದ ಒಂದು ವರ್ಣ ಇರಲಿ. ಅಟತಾಳ ಅಂದರೆ ಭೈರವಿಯ "ವಿರಿಬೋಣಿ" ಎಲ್ಲರೂ ಹಾಡುತ್ತಾರೆ. ಹಾಡಲಿ, ಅದಕ್ಕಿಂತ ಒಳ್ಳೆಯ ಭೈರವಿ ಪಾಠ ಇನ್ನೊಂದಿಲ್ಲ. ಪರೀಕ್ಷಕರಿಗೆ ಅದರ ಪ್ರತಿ ಸ್ವರವೂ ಬಾಯಿಗೆ ಬರುತ್ತದೆ ಅನ್ನುವುದು ನೆನಪಿರಲಿ.

ಅಟತಾಳವನ್ನು ಕೈಯಲ್ಲಿ ಹಾಕುವುದೇ ಒಂದು ಅಭ್ಯಾಸ. ಐದಕ್ಷರದ ಲಘು ಎರಡು, ಆಮೇಲೆ ಎರಡಕ್ಷರದ ದ್ರುತ ಎರಡು, ಒಟ್ಟು 14 ಅಕ್ಷರ. ಎರಡನೇ ಕಾಲಕ್ಕೆ ಹೋದಾಗ ಕೈ ಬದಲಾಗಬಾರದು. ಅದೇ ನಿಧಾನದ ತಾಳ, ಹಾಡು ಮಾತ್ರ ದುಪ್ಪಟ್ಟು. ಬಹಳ ಮಂದಿ ಎರಡನೇ ಕಾಲದಲ್ಲಿ ಗೊತ್ತಿಲ್ಲದೆ ಕೈಯನ್ನೂ ಓಡಿಸಿಬಿಡುತ್ತಾರೆ. ಮೆಟ್ರೊನೋಮ್ ಆ್ಯಪನ್ನು ನಿಮಿಷಕ್ಕೆ 60ಕ್ಕೆ ಇಟ್ಟುಕೊಂಡು ಮೊದಲನೇ ಕಾಲ ಹಾಡಿ, ನಿಲ್ಲಿಸದೆ ಎರಡನೆಯದಕ್ಕೆ ಹೋಗಿ, ಮತ್ತೆ ಮೊದಲನೆಯದಕ್ಕೆ ಇಳಿಯಿರಿ. ಏರುವುದಕ್ಕಿಂತ ಇಳಿಯುವುದು ಕಷ್ಟ. ಇಳಿದಾಗ ಕೈಯೂ ಮೆಟ್ರೊನೋಮೂ ಒಂದೇ ಕಡೆ ಬಿದ್ದರೆ ನಿಮ್ಮ ಲಯ ಪರವಾಗಿಲ್ಲ.

ಇನ್ನೊಂದು ಅಭ್ಯಾಸ: ವರ್ಣದ ಮೂರನೇ ಚಿಟ್ಟೆಸ್ವರದಿಂದ ನೇರವಾಗಿ ಶುರುಮಾಡಿ. ಮೊದಲಿಂದ ಹಾಡಿಕೊಂಡು ಬಂದರೆ ಮಾತ್ರ ಬರುತ್ತದೆ ಅನ್ನುವ ಸ್ಥಿತಿ ಇದ್ದರೆ ಅದು ಬಾಯಿಪಾಠ. ಪರೀಕ್ಷಕರು ಒಂದೇ ಪ್ರಶ್ನೆಯಲ್ಲಿ ಇದನ್ನು ಕಂಡುಹಿಡಿಯುತ್ತಾರೆ.

ನಾಲ್ಕು ನಿಮಿಷದ ಆಲಾಪನೆ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಸೀಟು ಸಿಗುವುದು, ತಪ್ಪುವುದು ಹೆಚ್ಚಾಗಿ ಇಲ್ಲೇ ನಿರ್ಧಾರವಾಗುತ್ತದೆ.

ಕಛೇರಿಯಲ್ಲಿ ಇಪ್ಪತ್ತು ನಿಮಿಷ ಆಲಾಪನೆ ಮಾಡುವವರು ಮೊದಲ ಐದು ನಿಮಿಷ ಷಡ್ಜದ ಸುತ್ತ ಸುಮ್ನೆ ಓಡಾಡಬಹುದು. ಇಲ್ಲಿ ಆ ಅವಕಾಶ ಇಲ್ಲ. ಮೊದಲ ಪ್ರಯೋಗದಲ್ಲೇ ರಾಗ ಗೊತ್ತಾಗಬೇಕು. ಹಾಗಂತ ಎಲ್ಲವನ್ನೂ ಮೊದಲ ಉಸಿರಿನಲ್ಲೇ ಸುರಿದುಬಿಟ್ಟರೆ ಮುಂದೆ ಹೇಳಲು ಏನೂ ಉಳಿಯುವುದಿಲ್ಲ.

ಭೈರವಿಯನ್ನೇ ತೆಗೆದುಕೊಳ್ಳಿ. 20ನೇ ಮೇಳದ ಜನ್ಯ, ಭಾಷಾಂಗ. ಪ-ದ-ನಿ-ಸ ಎಂದು ಏರುವಾಗ ಚತುಶ್ರುತಿ ಧೈವತ, ಸ-ನಿ-ದ-ಪ ಎಂದು ಇಳಿಯುವಾಗ ಶುದ್ಧ ಧೈವತ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಪಂಚಮದ ಮೇಲೆ ನಿಂತು ಧೈವತವನ್ನು ಮುಟ್ಟಿ ಮತ್ತೆ ಪಂಚಮಕ್ಕೇ ಬರುವಾಗ ಯಾವ ಧೈವತ? ಶುದ್ಧ. ಪರೀಕ್ಷಕರ ಕಿವಿ ಇಂಥ ಕಡೆಯೇ ಇರುತ್ತದೆ. ಗಾಂಧಾರ, ನಿಷಾದಗಳ ತೂಗಾಟವೂ ಹಾಗೆಯೇ. ಅಲ್ಲಿ ಸ್ವರ ಬರೀ ನಿಂತರೆ ಭೈರವಿ ಭೈರವಿಯಾಗಿ ಕೇಳುವುದಿಲ್ಲ.

ನಾಲ್ಕು ನಿಮಿಷವನ್ನು ಹೀಗೆ ಹಂಚಿಕೊಳ್ಳಿ. ಮೊದಲ ಅರ್ಧ ನಿಮಿಷ ಮಧ್ಯಸ್ಥಾಯಿಯಲ್ಲಿ ಒಂದೇ ಒಂದು ತುಂಬು ಪ್ರಯೋಗ. ಅದು ಬಂದ ತಕ್ಷಣ ರಾಗದ ಹೆಸರು ಹೇಳುವಂತಿರಬೇಕು. ಮುಂದಿನ ಒಂದು ನಿಮಿಷ ಗಾಂಧಾರ, ಮಧ್ಯಮ, ಪಂಚಮದ ಆಸುಪಾಸು. ಒಮ್ಮೆ ಮಂದ್ರದ ನಿಷಾದಕ್ಕೆ ಹೋಗಿ ಬನ್ನಿ. ಆಮೇಲೆ ಮುಕ್ಕಾಲು ನಿಮಿಷ ತಾರಷಡ್ಜದ ಕಡೆಗೆ ಕಟ್ಟಿಕೊಂಡು ಹೋಗಿ, ಷಡ್ಜದಲ್ಲಿ ನಿಲ್ಲಿ. ಅಲುಗಾಡದೆ ನಿಲ್ಲಿ. ತಾರಸ್ಥಾಯಿಯಲ್ಲಿ ರಿಷಭ, ಗಾಂಧಾರ ಮುಟ್ಟಿದರೆ ಸಾಕು. ಉಳಿದ ಹೊತ್ತಿನಲ್ಲಿ ಒಂದೆರಡು ಬಿರ್ಕಾ (ವೇಗದ ಸ್ವರಗಳ ಓಟ), ನಿಧಾನವಾಗಿ ಇಳಿಯುವ ಒಂದು ದಾರಿ, ಮಧ್ಯ ಷಡ್ಜದಲ್ಲಿ ಮುಕ್ತಾಯ.

ಇದನ್ನು ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿ. ನಾಲ್ಕು ನಿಮಿಷದ್ದು ಹಿಡಿತಕ್ಕೆ ಬಂದ ಮೇಲೆ ಅದೇ ರಾಗವನ್ನು ಎರಡು ನಿಮಿಷದಲ್ಲಿ, ಆಮೇಲೆ 40 ಸೆಕೆಂಡಿನಲ್ಲಿ ಹಾಡಿ. ಯಾವುದನ್ನು ಬಿಟ್ಟರೂ ರಾಗ ಉಳಿಯುತ್ತದೆ, ಯಾವುದನ್ನು ಬಿಟ್ಟರೆ ಕಳೆದುಹೋಗುತ್ತದೆ ಎಂದು ಆಗ ನಿಮಗೇ ಅರಿವಾಗುತ್ತದೆ. ನನ್ನ ಅನುಭವದಲ್ಲಿ ರಾಗಜ್ಞಾನ ಬೆಳೆಸಲು ಇದಕ್ಕಿಂತ ಚುರುಕಾದ ಅಭ್ಯಾಸ ಇನ್ನೊಂದಿಲ್ಲ.

ರೆಕಾರ್ಡಿಂಗ್ ಕೇಳಿ ಇಡೀ ಆಲಾಪನೆಯನ್ನು ಕಂಠಪಾಠ ಮಾಡಿಕೊಂಡು ಬರುವವರಿದ್ದಾರೆ. ದಯವಿಟ್ಟು ಬೇಡ. "ಇದನ್ನೇ ಮಧ್ಯಮದಿಂದ ಶುರುಮಾಡಿ ತೋರಿಸಿ" ಅಂದರೆ ಅಲ್ಲಿಗೆ ಮುಗಿಯಿತು. ದೊಡ್ಡವರನ್ನು ಕೇಳಬೇಕು, ತುಂಬಾ ಕೇಳಬೇಕು. ಕೇಳಿದ್ದರಲ್ಲಿ ಒಂದು ಪ್ರಯೋಗ ಎತ್ತಿಕೊಂಡು ಅದನ್ನು ನಿಮ್ಮ ದಾರಿಯಲ್ಲಿ ನಾಲ್ಕು ಥರ ಬೆಳೆಸಿ. ಆಗ ಅದು ನಿಮ್ಮದು.

ಅಕ್ಕಪಕ್ಕದ ರಾಗಗಳು

ಒಂದು ರಾಗ ಹಾಡಿದ ಕೂಡಲೇ ಅದರ ನೆರೆಯ ರಾಗವನ್ನು ಕೇಳುವುದು ಪರೀಕ್ಷಕರಿಗೆ ಬಹಳ ಪ್ರಿಯ. ಭೈರವಿ ಹಾಡಿದರೆ ಮಾಂಜಿ ಅಥವಾ ಮುಖಾರಿ. ದರ್ಬಾರ್ ಹಾಡಿದರೆ ನಾಯಕಿ. ಆನಂದಭೈರವಿಗೆ ರೀತಿಗೌಳ. ನಿಮ್ಮ ಆರು ರಾಗಗಳ ಎದುರಿಗೆ ಒಂದೊಂದು ನೆರೆ ರಾಗ ಬರೆದಿಟ್ಟುಕೊಳ್ಳಿ.

ಆರಭಿ ಮತ್ತು ದೇವಗಾಂಧಾರಿಯನ್ನು ನೋಡಿ. ಎರಡೂ 29ನೇ ಮೇಳದ ಜನ್ಯ. ಕಾಗದದ ಮೇಲೆ ಆರೋಹಣ ಸರಿಮಪದಸ, ಅವರೋಹಣ ಸನಿದಪಮಗರಿಸ. ಎರಡಕ್ಕೂ ಒಂದೇ. ವ್ಯತ್ಯಾಸ ಇರುವುದು ನಡೆಯಲ್ಲಿ. ಆರಭಿಯಲ್ಲಿ ಸ್ವರಗಳು ನೇರ, ತೂಗಾಟ ಕಡಿಮೆ, ಪ್ರಯೋಗಗಳು ಚುರುಕು. ಗಾಂಧಾರ, ನಿಷಾದಗಳನ್ನು ಇಳಿಯುವಾಗ ಸವರಿಕೊಂಡು ಹೋಗುತ್ತೇವೆ, ಅಲ್ಲಿ ನಿಲ್ಲುವುದಿಲ್ಲ. ದೇವಗಾಂಧಾರಿ ವಿಳಂಬದ ರಾಗ. ಅಲ್ಲಿ ಸ್ವರಗಳು ಎಳೆದು, ತೂಗಿ ಬರುತ್ತವೆ. "ವ್ಯತ್ಯಾಸ ಏನು?" ಅಂತ ಕೇಳಿದಾಗ ಇಷ್ಟನ್ನು ಬಾಯಲ್ಲಿ ಹೇಳಿದರೆ ಅರ್ಧ ಉತ್ತರ. ಒಂದೇ ಸ್ವರಗುಚ್ಛವನ್ನು, ಉದಾಹರಣೆಗೆ ಪ-ಮ-ಗ-ರಿಯನ್ನು, ಮೊದಲು ಆರಭಿಯಾಗಿ, ತಕ್ಷಣ ದೇವಗಾಂಧಾರಿಯಾಗಿ ಹಾಡಿ ತೋರಿಸಿ. ಎದುರಿಗೆ ಕೂತವರ ಮುಖ ಅರಳುವುದು ಅಲ್ಲೇ.

ಸ್ವರಕಲ್ಪನೆ, ಲೆಕ್ಕ

ದೊಡ್ಡ ಕೋರ್ವೆ (ಲೆಕ್ಕ ಹಾಕಿ ಕಟ್ಟಿದ ಮುಕ್ತಾಯ) ಕಲಿತು ಬಂದು ಎತ್ತುಗಡೆ (ತಾಳದಲ್ಲಿ ಹಾಡು ಶುರುವಾಗುವ ಜಾಗ) ತಪ್ಪುವುದಕ್ಕಿಂತ ಪುಟ್ಟ ಮುಕ್ತಾಯವನ್ನು ಯಾವ ಎತ್ತುಗಡೆಗೆ ಬೇಕಾದರೂ ಹೊಂದಿಸಬಲ್ಲವರಾಗಿ. ಒಂದು ಉದಾಹರಣೆ ಕೊಡುತ್ತೇನೆ.

ಒಂದು ಕಳೆಯ ಆದಿತಾಳ, ಅಕ್ಷರಕ್ಕೆ 4 ಮಾತ್ರೆ. ಆವರ್ತಕ್ಕೆ 32. ಲಘು (ಮೊದಲ ನಾಲ್ಕು ಅಕ್ಷರ) ಮುಗಿದಾಗ ಉಳಿಯುವುದು 16. ನಾಲ್ಕು ಸ್ವರದ ಒಂದು ಗುಚ್ಛವನ್ನು ಮೂರು ಸಲ ಹಾಡಿ, ನಡುವೆ ಎರಡೆರಡು ಮಾತ್ರೆ ಕಾರ್ವೆ (ಬಿಡುವು) ಕೊಡಿ: 4+2+4+2+4. ಒಟ್ಟು 16, ಸರಿಯಾಗಿ ಸಮಕ್ಕೆ (ತಾಳದ ಮೊದಲ ಅಕ್ಷರಕ್ಕೆ) ಬಂತು. ಈಗ ಕೃತಿ ಸಮದಿಂದ ಅರ್ಧ ಅಕ್ಷರ ದಾಟಿ ಎತ್ತುತ್ತದೆ ಅಂದುಕೊಳ್ಳಿ. ಎರಡು ಮಾತ್ರೆ ಜಾಸ್ತಿ ಬೇಕು. ಎರಡೂ ಕಾರ್ವೆಗೆ ಒಂದೊಂದು ಸೇರಿಸಿ: 4+3+4+3+4, ಒಟ್ಟು 18. ಗುಚ್ಛ ಬದಲಾಗಲಿಲ್ಲ, ಉಸಿರು ಎಳೆಯುವ ಜಾಗ ಮಾತ್ರ ಹಿಗ್ಗಿತು. ಇಂಥ ನಾಲ್ಕೈದು ಅಚ್ಚುಗಳನ್ನು ತಾಳ ಹಾಕಿಕೊಂಡು ದಿನಾ ಹಾಡಿದರೆ ಆ ಕೊಠಡಿಯಲ್ಲಿ ಲೆಕ್ಕಕ್ಕಾಗಿ ತಡಕಾಡಬೇಕಾಗುವುದಿಲ್ಲ.

ಸ್ವರ ಹಾಡುವಾಗ ರಾಗ ಬಿಟ್ಟುಹೋಗಬಾರದು. ಲೆಕ್ಕ ಕೂರಿಸುವ ಆತುರದಲ್ಲಿ ಕಾಂಭೋಜಿಯ ಆರೋಹಣದಲ್ಲಿ ನಿಷಾದ ನುಗ್ಗಿಸಿದರೆ ಯಾವ ಕೋರ್ವೆಯೂ ನಿಮ್ಮನ್ನು ಉಳಿಸುವುದಿಲ್ಲ.

ಪಲ್ಲವಿ ಕೇಳುವುದು ಪ್ರತಿ ಕಡೆ ಇರುವುದಿಲ್ಲ. ಆದರೂ ಒಂದು ಸರಳ ಪಲ್ಲವಿ ಇಟ್ಟುಕೊಳ್ಳಿ. ಅದನ್ನು ಮೂರು ಕಾಲದಲ್ಲಿ, ತಿಶ್ರದಲ್ಲಿ ಹಾಡುವ ಅಭ್ಯಾಸ ಇರಲಿ.

ಶಾಸ್ತ್ರದ ಪ್ರಶ್ನೆಗಳು

ಹಾಡುವುದರ ಮಧ್ಯೆಯೇ ಪ್ರಶ್ನೆಗಳು ಬೀಳುತ್ತವೆ. "ಕಲ್ಯಾಣಿ ಎಷ್ಟನೇ ಮೇಳ? ಹೇಗೆ ಹೇಳುತ್ತೀರಿ?" ಮೇಚಕಲ್ಯಾಣಿ. ಕಟಪಯಾದಿಯಲ್ಲಿ (ಅಕ್ಷರದಿಂದ ಅಂಕಿ ತಿಳಿಯುವ ಪದ್ಧತಿ) ಮ ಅಂದರೆ 5, ಚ ಅಂದರೆ 6. ತಿರುಗಿಸಿದರೆ 65. ಅಲ್ಲಿಗೇ ನಿಲ್ಲಿಸಬೇಡಿ. 65ರಲ್ಲಿ 36 ಕಳೆದರೆ 29, ಅಂದರೆ ಶಂಕರಾಭರಣದ್ದೇ ಸ್ವರಗಳು, ಮಧ್ಯಮ ಮಾತ್ರ ಪ್ರತಿ. ರುದ್ರ ಚಕ್ರ ಅನ್ನುವ ಆರು ಮೇಳಗಳ ಗುಂಪಿನಲ್ಲಿ ಐದನೆಯದು. ಹೀಗೆ ಒಂದು ಪ್ರಶ್ನೆಗೆ ಕೊಂಡಿ ಕೊಂಡಿಯಾಗಿ ಉತ್ತರ ಕೊಟ್ಟರೆ ಮುಂದಿನ ಎರಡು ಪ್ರಶ್ನೆ ತಾನಾಗಿಯೇ ಮುಗಿದಿರುತ್ತದೆ.

ಓದಲೇಬೇಕಾದದ್ದು ಇಷ್ಟು: 72 ಮೇಳಗಳ ಕ್ರಮ, ಸಪ್ತತಾಳ ಮತ್ತು ಐದು ಜಾತಿಗಳಿಂದ ಬರುವ 35 ತಾಳ, ತಾಳದ ದಶಪ್ರಾಣ, ಗಮಕದ ವಿಧಗಳು, ರಚನಾಪ್ರಕಾರಗಳ ಲಕ್ಷಣ, ವಾಗ್ಗೇಯಕಾರರ ಕಾಲ, ಅಂಕಿತ, ಕೊಡುಗೆ. ಗ್ರಂಥಗಳಲ್ಲಿ ಶಾರ್ಙ್ಗದೇವನ ಸಂಗೀತ ರತ್ನಾಕರ 13ನೇ ಶತಮಾನದ್ದು. ರಾಮಾಮಾತ್ಯನ ಸ್ವರಮೇಳಕಲಾನಿಧಿ 1550ರದ್ದು, ವಿಜಯನಗರದ ಕಾಲ. ವೆಂಕಟಮಖಿಯ ಚತುರ್ದಂಡಿ ಪ್ರಕಾಶಿಕೆ 17ನೇ ಶತಮಾನ. ಸುಬ್ಬರಾಮ ದೀಕ್ಷಿತರ ಸಂಗೀತ ಸಂಪ್ರದಾಯ ಪ್ರದರ್ಶಿನಿ 1904. ಇಸವಿ ಬಾಯಿಪಾಠ ಮಾಡಿದರೆ ಸಾಲದು. ಇವರಲ್ಲಿ ಯಾರು ಯಾವ ಸಮಸ್ಯೆಗೆ ಉತ್ತರ ಹುಡುಕುತ್ತಿದ್ದರು ಅಂತ ಎರಡೆರಡು ವಾಕ್ಯದಲ್ಲಿ ಹೇಳಲು ಬರಬೇಕು. ಲಿಖಿತ ಪರೀಕ್ಷೆ ಇದ್ದರೆ ಹಳೆಯ ಪ್ರಶ್ನೆಪತ್ರಿಕೆ ಸಿಗುತ್ತದಾ ಅಂತ ಸೀನಿಯರ್‌ಗಳನ್ನು ಕೇಳಿ. ಯುಜಿಸಿ ನೆಟ್ ಸಂಗೀತದ ಹಳೆಯ ಪ್ರಶ್ನೆಪತ್ರಿಕೆಗಳೂ ಒಳ್ಳೆಯ ಅಭ್ಯಾಸ.

"ಎಂ.ಪಿ.ಎ. ಯಾಕೆ ಮಾಡುತ್ತೀರಿ?" ಅಂತಲೂ ಕೇಳುತ್ತಾರೆ. "ಸಂಗೀತ ಅಂದರೆ ನನಗೆ ಪ್ರಾಣ" ಅನ್ನುವ ಉತ್ತರ ಅವರು ಬೆಳಿಗ್ಗೆಯಿಂದ ಕೇಳಿರುತ್ತಾರೆ. ನಿಜವಾದ ಕಾರಣ ಹೇಳಿ. ಶಾಲೆಯಲ್ಲಿ ಕಲಿಸಬೇಕು ಅಂತಿದ್ದರೆ ಅದನ್ನೇ ಹೇಳಿ. ದೇವರನಾಮಗಳ ಧಾಟಿಗಳ ಮೇಲೆ ಕೆಲಸ ಮಾಡಬೇಕು ಅಂತಿದ್ದರೆ ಅದನ್ನು ಹೇಳಿ. ಅಂಥ ಉತ್ತರದಿಂದ ಮಾತು ಮುಂದುವರಿಯುತ್ತದೆ.

ನಿಲ್ಲಿಸಿ, ಮತ್ತೆ ಶುರುಮಾಡುವ ಅಭ್ಯಾಸ

ಕೊನೆಯ ಎರಡು ತಿಂಗಳು ವಾರಕ್ಕೊಮ್ಮೆ ಅಣಕು ಆಡಿಷನ್ ಮಾಡಿ. ಸಂಗೀತ ಬಲ್ಲ ಇಬ್ಬರು ಬೇಕು. ಗುರುಗಳೇ ಕೂತರೆ ಒಳ್ಳೆಯದು. ಆದರೆ ನಿಮ್ಮ ಪಾಠಾಂತರ (ನಿಮ್ಮ ಗುರುಗಳು ಕಲಿಸಿದ ರೂಪ) ಗೊತ್ತಿಲ್ಲದ ಬೇರೆ ಒಬ್ಬರು ಇದ್ದರೆ ಇನ್ನೂ ಒಳ್ಳೆಯದು. ಚೀಟಿಗಳಲ್ಲಿ ರಾಗದ ಹೆಸರು ಬರೆದು ಒಂದು ಡಬ್ಬಿಗೆ ಹಾಕಿ. ಎತ್ತಿದ ಚೀಟಿಯ ರಾಗವನ್ನು ಹತ್ತು ಸೆಕೆಂಡಿನೊಳಗೆ ಶುರುಮಾಡಬೇಕು. ಎದುರಿಗಿದ್ದವರು ತಮಗೆ ತೋಚಿದಾಗ ಚಪ್ಪಾಳೆ ತಟ್ಟಿ ನಿಲ್ಲಿಸಲಿ, ಬೇರೆ ಏನಾದರೂ ಕೇಳಲಿ. ಅನುಪಲ್ಲವಿಯ ಎರಡನೇ ಸಂಗತಿಯಿಂದ ಹಾಡಿ. ಇದೇ ಸಾಲನ್ನು ಸ್ವರದಲ್ಲಿ ಹೇಳಿ. ತಾಳ ಬಿಟ್ಟು ಹಾಡಿ, ಈಗ ತಾಳ ಹಾಕಿ. ನಾನು ಹಾಡುವ ಸ್ವರಗುಚ್ಛವನ್ನು ಗುರುತಿಸಿ.

ಮೊದಲ ಎರಡು ವಾರ ಅಳು ಬರುವಷ್ಟು ಕಷ್ಟ ಅನ್ನಿಸುತ್ತದೆ. ಆಮೇಲೆ ನಿಲ್ಲಿಸಿದಾಗ ಎದೆ ಹೊಡೆದುಕೊಳ್ಳುವುದು ನಿಲ್ಲುತ್ತದೆ. "ಸಾಕು" ಅನ್ನುವ ಮಾತು ಬೈಗುಳದಂತೆ ಕೇಳುವುದೂ ನಿಲ್ಲುತ್ತದೆ. ಎಷ್ಟೋ ಸಲ "ಸಾಕು" ಅಂದರೆ "ಇದು ಬರುತ್ತದೆ ಅಂತ ಗೊತ್ತಾಯಿತು, ಮುಂದಿನದು ನೋಡೋಣ" ಅಂತ ಅಷ್ಟೇ ಅರ್ಥ.

ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ, ಮಾರನೇ ದಿನ ಕೇಳಿ. ಅದೇ ದಿನ ಕೇಳಿದರೆ ಮನಸ್ಸು ಇನ್ನೂ ಹಾಡಿನ ಒಳಗೇ ಇರುತ್ತದೆ, ತಪ್ಪು ಕೇಳಿಸುವುದಿಲ್ಲ.

ಶ್ರುತಿ ಮತ್ತು ಗಂಟಲು

ಐದೂವರೆ ಮನೆ ಶ್ರುತಿಯಲ್ಲಿ ಹಾಡುವವರು "ಇನ್ನೂ ಜೋರಾಗಿ ಕೇಳಲಿ" ಅಂತ ಆರಕ್ಕೆ ಏರಿಸುವುದು, ಒಂದು ಮನೆಯ ಹುಡುಗರು ಎರಡಕ್ಕೆ ಹೋಗುವುದು ಬೇಡವೇ ಬೇಡ. ಆಡಿಷನ್ ಸಾಮಾನ್ಯವಾಗಿ ಬೆಳಿಗ್ಗೆ ಶುರುವಾಗುತ್ತದೆ. ಸಂಜೆ ಸಲೀಸಾಗಿ ಮುಟ್ಟುವ ತಾರ ಪಂಚಮ ಬೆಳಿಗ್ಗೆ ಹತ್ತಕ್ಕೆ ಸಿಗದೇ ಇರಬಹುದು. ಆದ್ದರಿಂದ ಕೊನೆಯ ಒಂದು ತಿಂಗಳು ಬೆಳಿಗ್ಗೆಯೇ ಅಭ್ಯಾಸ ಮಾಡಿ. ಮಂದ್ರಸ್ಥಾಯಿ ಸಾಧನೆ ಇಪ್ಪತ್ತು ನಿಮಿಷ, ಅಕಾರದಲ್ಲಿ ಸರಳೆ, ಜಂಟಿ ಮೂರು ಕಾಲ. ಇವು ಚಿಕ್ಕ ಮಕ್ಕಳ ಪಾಠ ಅನ್ನುವ ಭಾವನೆ ಇದ್ದರೆ ಬಿಟ್ಟುಬಿಡಿ.

ಪ್ರವೇಶದ ಹೊತ್ತಿಗೆ ಎಷ್ಟೋ ವರ್ಷ ಮಳೆಗಾಲ ಬಂದಿರುತ್ತದೆ. ಶೀತ ಹಿಡಿದರೆ ಗಂಟಲನ್ನು ಬಲವಂತವಾಗಿ ದುಡಿಸಬೇಡಿ. ಮೆಲ್ಲಗೆ ಗುನುಗಿ, ಬರೆದು ಅಭ್ಯಾಸ ಮಾಡಿ, ತಾಳ ಹಾಕಿಕೊಂಡು ಮನಸ್ಸಿನಲ್ಲೇ ಹಾಡಿಕೊಳ್ಳಿ. ಮೂರು ದಿನ ಮೊದಲಿಂದ ಹೊಸದು ಏನನ್ನೂ ಕಲಿಯಬೇಡಿ. ಹಿಂದಿನ ರಾತ್ರಿ ಜಾಗರಣೆ, ಬಸ್ಸಿನ ಪ್ರಯಾಣ ಬೇಡ. ದೂರದ ಊರಿನವರು ಸಾಧ್ಯವಾದರೆ ಒಂದು ದಿನ ಮೊದಲೇ ಹೋಗಿ ಉಳಿದುಕೊಳ್ಳಿ.

ಆ ದಿನ

ಮೂಲ ಪ್ರಮಾಣಪತ್ರ, ಜೆರಾಕ್ಸ್, ಫೋಟೊ, ಹಾಲ್ ಟಿಕೆಟ್ ಒಂದು ಫೈಲಿನಲ್ಲಿ. ಶ್ರುತಿಪೆಟ್ಟಿಗೆ ಜೊತೆಗಿರಲಿ. ಆ್ಯಪ್ ಬಳಸುವುದಾದರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಚಾರ್ಜ್ ನೋಡಿಕೊಳ್ಳಿ. ಬಿಸಿನೀರಿನ ಫ್ಲಾಸ್ಕ್ ಇರಲಿ. ವೀಣೆ, ಪಿಟೀಲಿನವರು ಹೆಚ್ಚುವರಿ ತಂತಿ ತನ್ನಿ. ಒಳಗೆ ಕರೆಯುವ ಮೊದಲೇ ಶ್ರುತಿ ಮಾಡಿಕೊಂಡಿರಿ. ಒಳಗೆ ಹೋದ ಮೇಲೆ ಮತ್ತೊಮ್ಮೆ ಪರೀಕ್ಷಿಸಲು ಸಂಕೋಚ ಬೇಡ. ಶ್ರುತಿ ಸರಿಮಾಡಿಕೊಳ್ಳುವವರನ್ನು ಯಾವ ಪರೀಕ್ಷಕರೂ ಬೈಯುವುದಿಲ್ಲ.

ಕಾಯುವ ಹೊತ್ತು ದೊಡ್ಡದು. ಕಾರಿಡಾರಿನಲ್ಲಿ ಬೇರೆಯವರು ಹಾಡಿಕೊಳ್ಳುವುದನ್ನು ಕೇಳುತ್ತಾ ಕೂತರೆ ನಿಮ್ಮ ಶ್ರುತಿ, ಧೈರ್ಯ ಎರಡೂ ಕದಡುತ್ತವೆ. ಸ್ವಲ್ಪ ದೂರ ಹೋಗಿ ಕೂತುಕೊಳ್ಳಿ. ಗಂಟೆಗೊಮ್ಮೆ ಐದು ನಿಮಿಷ ಮಂದ್ರದಲ್ಲಿ ಗುನುಗಿದರೆ ಸಾಕು.

ಒಳಗೆ ಹೋದಾಗ ನಮಸ್ಕಾರ ಮಾಡಿ, ಕೂತು, ಶ್ರುತಿ ಹಾಕಿ, ಒಂದು ತುಂಬು ಉಸಿರಿನ ಷಡ್ಜ ಹಾಡಿ. ಯಾವ ರಾಗ, ತಾಳ, ಯಾರ ರಚನೆ ಅಂತ ಕೇಳುವ ಮೊದಲೇ ಒಂದು ಸಾಲಿನಲ್ಲಿ ಹೇಳಿ. ತಪ್ಪಿದರೆ ಮುಖ ಸಪ್ಪೆ ಮಾಡಿಕೊಂಡು ನಿಲ್ಲಿಸಬೇಡಿ. ತಾಳದೊಳಗೇ ಸರಿಮಾಡಿಕೊಂಡು ಮುಂದೆ ಹೋಗಿ. ಗೊತ್ತಿಲ್ಲದ ರಾಗ ಕೇಳಿದರೆ "ಅದು ಪಾಠ ಆಗಿಲ್ಲ, ಇಂಥ ರಾಗ ಹಾಡಬಹುದಾ?" ಅಂತ ಕೇಳಿ. ಗೊತ್ತಿಲ್ಲದ್ದನ್ನು ಊಹಿಸಿ ಹಾಡುವುದಕ್ಕಿಂತ ಇದಕ್ಕೆ ಹೆಚ್ಚು ಗೌರವ ಸಿಗುತ್ತದೆ. ಪರೀಕ್ಷಕರು ನಿಮ್ಮ ಪಾಠಾಂತರ ಒಪ್ಪದೆ ಬೇರೆ ಥರ ಹಾಡಿ ತೋರಿಸಬಹುದು. ವಾದ ಬೇಡ, ಹೆದರಿಕೆಯೂ ಬೇಡ. "ನಮ್ಮ ಗುರುಗಳ ಪಾಠ ಹೀಗಿದೆ" ಅಂತ ಹೇಳಿ, ಅವರು ತೋರಿಸಿದ್ದನ್ನೂ ಒಮ್ಮೆ ಹಾಡಿ. ಎರಡು ವರ್ಷ ಕಲಿಸಲು ಹೊರಟವರಿಗೆ ಈ ಹುಡುಗಿ ಅಥವಾ ಹುಡುಗ ಕೇಳಿದ್ದನ್ನು ಎಷ್ಟು ಬೇಗ ಹಿಡಿಯುತ್ತಾರೆ ಅನ್ನುವುದೂ ಮುಖ್ಯ.

ವಿಡಿಯೊ ಕೇಳಿದರೆ

ಹೊರದೇಶದಲ್ಲಿರುವ ಕನ್ನಡದ ಮಕ್ಕಳಿಗೆ ಅಥವಾ ಆನ್‌ಲೈನ್ ಆಡಿಷನ್ ಇರುವ ಕಡೆ ಒಂದೇ ಎಚ್ಚರಿಕೆ: ಕತ್ತರಿಸಿ ಜೋಡಿಸಿದ ವಿಡಿಯೊ ಕಳಿಸಬೇಡಿ. ಒಂದೇ ಓಟದಲ್ಲಿ ತೆಗೆಯಿರಿ. ತಾಳ ಹಾಕುವ ಕೈ ಕಾಣಲಿ. ಪ್ರತಿಧ್ವನಿ ಸೇರಿಸುವ ಆ್ಯಪ್ ಬೇಡ, ತಂಬೂರಿಯ ಸದ್ದು ಕಂಠವನ್ನು ಮುಳುಗಿಸದಿರಲಿ. ನೇರ ಆನ್‌ಲೈನ್ ಸಂದರ್ಶನವಾದರೆ, ಮಾತಿಗಾಗಿ ಮಾಡಿರುವ ಶಬ್ದ ಶೋಧಕ ಆಯ್ಕೆಗಳು ಶ್ರುತಿಯನ್ನೇ ಗದ್ದಲ ಅಂತ ಅಳಿಸಿಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಮೂಲ ಧ್ವನಿ ಆನ್ ಮಾಡಿ, ಒಬ್ಬ ಗೆಳೆಯರ ಜೊತೆ ಮೊದಲೇ ಪರೀಕ್ಷಿಸಿ.

ಹೊರಗೆ ಬಂದ ಮೇಲೆ

ಅದೇ ಸಂಜೆ ಒಂದು ಪುಸ್ತಕದಲ್ಲಿ ಬರೆದಿಡಿ: ಏನು ಹಾಡಿದಿರಿ, ಎಲ್ಲಿ ನಿಲ್ಲಿಸಿದರು, ಏನು ಕೇಳಿದರು, ಯಾವುದಕ್ಕೆ ಉತ್ತರ ಬರಲಿಲ್ಲ. ಇನ್ನೊಂದು ವಿಶ್ವವಿದ್ಯಾಲಯದ ಆಡಿಷನ್ ಬಾಕಿ ಇದ್ದರೆ ಆ ಪುಟವೇ ಮುಂದಿನ ವಾರದ ಪಾಠ. ಮೊದಲ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಎರಡನೆಯದಕ್ಕೆ ಕಾಯಿರಿ, ವಿಭಾಗದ ಕಚೇರಿಗೆ ಫೋನ್ ಮಾಡಿ ವಿಚಾರಿಸುತ್ತಿರಿ. ಹೆಸರು ಬಂದವರು ಶುಲ್ಕ ಕಟ್ಟುವ ಕೊನೆಯ ದಿನಾಂಕವನ್ನು, ಹಾಸ್ಟೆಲ್ ಅರ್ಜಿಯ ದಿನಾಂಕವನ್ನು ಅಂದೇ ಗುರುತು ಹಾಕಿಕೊಳ್ಳಿ. ಹಾಸ್ಟೆಲ್ ಅರ್ಜಿ ಪ್ರವೇಶದ ಅರ್ಜಿಯ ಜೊತೆಗೇ ಸಲ್ಲಿಕೆಯಾಗಿರುತ್ತದೆ ಎಂದುಕೊಳ್ಳಬೇಡಿ, ಬಹಳ ಕಡೆ ಅದಕ್ಕೆ ಬೇರೆಯೇ ಫಾರಂ ಇರುತ್ತದೆ.